ಕ್ಯಾಸೆಟ್ ಕಾಲದ ಕಾರಿನಲ್ಲಿ ಫೋನಿನ ಹಾಡು: ಮೂರು ಸಾಮಾನು, ಒಂದು ರಿಪೇರಿ ಅಂಗಡಿ

ನಮ್ಮದು 2006ರ ಆಲ್ಟೊ. 2021ರಲ್ಲಿ 15 ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಓಡಾಡಿ ಆರ್‌ಸಿ ನವೀಕರಿಸಿಕೊಂಡು ಬಂದೆವು. ಎಂಜಿನ್ ಗಟ್ಟಿಯಾಗಿದೆ, ಏಸಿ ಪರವಾಗಿಲ್ಲ. ಡ್ಯಾಶ್‌ಬೋರ್ಡಿನ ನಡುವೆ ಕೂತಿರುವ ಸ್ಟೀರಿಯೊ ಮಾತ್ರ ಕಾರು ಕೊಂಡ ದಿನ ಹಾಕಿಸಿದ್ದು: ಕ್ಯಾಸೆಟ್ಟು, ಎಫ್‌ಎಂ, ಅಷ್ಟೇ. ಸೀಡಿ ಇಲ್ಲ, ಯುಎಸ್‌ಬಿ ಇಲ್ಲ, ಫೋನಿನ ತಂತಿ ಚುಚ್ಚುವ ಆಕ್ಸ್ ತೂತೂ ಇಲ್ಲ.

ತಿಂಗಳಿಗೊಮ್ಮೆ ನಾನೂ ಅಮ್ಮನೂ ಬೆಂಗಳೂರಿನಿಂದ ಪುತ್ತೂರಿಗೆ, ಅವಳ ತವರಿಗೆ ಹೋಗಿಬರುತ್ತೇವೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ. ಊಟ, ಕಾಫಿ ಸೇರಿ ಏಳು ಗಂಟೆ ಹಿಡಿಯುತ್ತದೆ. ಏಳು ಗಂಟೆ ಸುಮ್ಮನೆ ಕೂರಲು ನನ್ನಿಂದ ಆಗದು. ನನ್ನ ಹಾಡುಗಳೆಲ್ಲ ಫೋನಿನಲ್ಲಿವೆ.

"ಹೊಸ ಸ್ಟೀರಿಯೊ ಹಾಕಿಸಿಬಿಡಿ, ಮುಗಿಯಿತು" ಎಂದು ಎಲ್ಲರೂ ಹೇಳಿದರು. ಅಮ್ಮ ಒಪ್ಪಲಿಲ್ಲ. ಅವಳ ಹತ್ತಿರ 38 ಕ್ಯಾಸೆಟ್ಟುಗಳಿವೆ. ನನ್ನ ಸೋದರಮಾವ ಊರಿನ ತಾಳಮದ್ದಲೆಗಳಲ್ಲಿ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಮುಂದಿನ ಸಾಲಿನಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತು ರೆಕಾರ್ಡ್ ಮಾಡಿಕೊಂಡವು. ಅಂಗಡಿಯಲ್ಲಿ ಮಾರಾಟಕ್ಕೆ ಬಂದವಲ್ಲ, ಯೂಟ್ಯೂಬಿನಲ್ಲೂ ಇಲ್ಲ. ಅರ್ಥ, ಅಂದರೆ ಪಾತ್ರಗಳ ಮಾತು, ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಮನೆಯಲ್ಲಿದ್ದ ಟೇಪ್‌ರೆಕಾರ್ಡರ್ ಕೆಟ್ಟು ವರ್ಷಗಳಾದವು, ಹಾಗಾಗಿ ಆ ಕ್ಯಾಸೆಟ್ಟುಗಳು ಈಗ ಕೇಳಲು ಸಿಗುವುದು ಕಾರಿನಲ್ಲಿ ಮಾತ್ರ. "ಈ ಡಬ್ಬ ಕೀಳಿಸಿದ್ರೆ ಇದನ್ನೆಲ್ಲ ಎಂಥದ್ರಲ್ಲಿ ಕೇಳುದು ಮಾರಾಯ್ತಿ?" ಎಂದಳು. ಅವಳ ಮಾತು ನ್ಯಾಯವಾಗಿತ್ತು. ಕ್ಯಾಸೆಟ್ಟೂ ಓಡಬೇಕು, ಫೋನೂ ಹಾಡಬೇಕು ಎಂದು ಒಂದು ವರ್ಷ ಒದ್ದಾಡಿದ್ದೇನೆ. ಇದೇ ಪಾಡು ಪಡುತ್ತಿರುವವರು ಇನ್ನೂ ಇದ್ದಾರೆಂದು ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾವುದನ್ನೇ ಕೊಂಡರೂ ಪರೀಕ್ಷೆ ಮಾಡುವುದು ಒಂದೇ ರೀತಿ. ಗಂಗೂಬಾಯಿ ಹಾನಗಲ್ಲರ ವಿಳಂಬಿತ ಖ್ಯಾಲ್ (ನಿಧಾನಗತಿಯ ಹಿಂದೂಸ್ತಾನಿ ಗಾಯನ) ಒಂದನ್ನು ಹಾಕುತ್ತೇನೆ. ಅವರ ಕಂಠ ಕೆಳಗಿನದು, ತುಂಬು ದನಿ. ಅದು ಎಂಥ ಸ್ಪೀಕರಿನಲ್ಲೂ ಸುಮಾರಾಗಿ ಕೇಳಿಸುತ್ತದೆ. ಸಾಮಾನಿನ ಬಣ್ಣ ಬಯಲಾಗುವುದು ಅವರು ಉಸಿರು ತೆಗೆದುಕೊಳ್ಳುವಾಗ. ಆಗ ಉಳಿಯುವುದು ತಂಬೂರಿ ಒಂದೇ. ತಂಬೂರಿಯ ಹಿಂದೆ ಬೇರೆ ಏನಾದರೂ ಸದ್ದಿದ್ದರೆ ಆ ಎರಡು ಕ್ಷಣದಲ್ಲಿ ಗೊತ್ತಾಗಿಬಿಡುತ್ತದೆ. ಎರಡನೆಯ ಪರೀಕ್ಷೆ ತಾಳಮದ್ದಲೆ: ಮಾತು ಸ್ಪಷ್ಟವಿರಬೇಕು, ಪದ್ಯದಲ್ಲಿ ಚೆಂಡೆ ಬಿದ್ದಾಗ ಸದ್ದು ಒಡೆಯಬಾರದು.

ಮೊದಲು ಕೊಂಡದ್ದು ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಸಣ್ಣ ಸಾಮಾನು, ಆನ್‌ಲೈನಿನಲ್ಲಿ 650 ರೂಪಾಯಿ. ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ತೆಗೆದುಕೊಂಡು, ಕಾರಿನೊಳಗೇ ಒಂದು ಪುಟಾಣಿ ರೇಡಿಯೊ ಸ್ಟೇಷನ್ನಿನ ಹಾಗೆ ಅದನ್ನು ಪ್ರಸಾರ ಮಾಡುತ್ತದೆ. ಸ್ಟೀರಿಯೊದಲ್ಲಿ ಅದೇ ಸಂಖ್ಯೆಗೆ ಎಫ್‌ಎಂ ತಿರುಗಿಸಿದರೆ ಫೋನಿನ ಹಾಡು ಬರುತ್ತದೆ. ಯಾವ ಸ್ಟೀರಿಯೊ ಇದ್ದರೂ ಸರಿ, ಎಫ್‌ಎಂ ಇದ್ದರೆ ಸಾಕು. ಒಂದು ತಂತಿಯನ್ನೂ ಮುಟ್ಟಬೇಕಿಲ್ಲ.

ಮನೆ ಮುಂದೆ ನಿಲ್ಲಿಸಿಕೊಂಡು ಖಾಲಿ ಜಾಗ ಹುಡುಕಿದೆ. ಬೆಂಗಳೂರಿನಲ್ಲಿ ಅದು ಸುಲಭವಲ್ಲ. 91.1, 92.7, 93.5, 94.3, 98.3, ಆಕಾಶವಾಣಿಯ 101.3 ಮತ್ತು 102.9, ಆಮೇಲೆ 104. ಸಂತೆಯಲ್ಲಿ ಅಂಗಡಿ ಇಡಲು ಜಾಗ ಹುಡುಕಿದ ಹಾಗೆ. 102.2 ನಿಶ್ಶಬ್ದವಾಗಿತ್ತು, ಅಲ್ಲೇ ಕೂರಿಸಿದೆ. ಮನೆ ಮುಂದೆ ಚೆನ್ನಾಗಿಯೇ ಹಾಡಿತು. ನೆಲಮಂಗಲದವರೆಗೆ ಫ್ಲೈಓವರ್ ಬಂದಾಗ, ದೊಡ್ಡ ಕಟ್ಟಡ ದಾಟುವಾಗ ಸ್ವಲ್ಪ ಚರಚರ ಎನ್ನುತ್ತಿತ್ತು. ಕುಣಿಗಲ್ ದಾಟಿದ ಮೇಲೆ ಹಾಯೆನಿಸಿತು. ಚನ್ನರಾಯಪಟ್ಟಣ ಹತ್ತಿರವಾದಂತೆ ತಂಬೂರಿಯ ನಡುವೆ ಯಾರೋ ಮಾತಾಡಿದ ಹಾಗೆ ಆಯಿತು. ಮೊದಲು ಒಂದೊಂದು ಪದ, ಆಮೇಲೆ ಅರ್ಧ ವಾಕ್ಯ. ನಾನು ಫೋನ್ ನೋಡಿದೆ, ಅಮ್ಮ ಹಿಂದಿನ ಸೀಟು ನೋಡಿದಳು. ಅದು ಹಾಸನದ ಆಕಾಶವಾಣಿ. ಅದರ ಸಂಖ್ಯೆಯೂ 102.2. ಎಫ್‌ಎಂನ ಗುಣವೇ ಹೀಗೆ: ಒಂದೇ ಸಂಖ್ಯೆಯಲ್ಲಿ ಎರಡು ಸಿಗ್ನಲ್ ಬಂದರೆ ಹೆಚ್ಚು ಬಲದ್ದು ಕಡಿಮೆ ಬಲದ್ದನ್ನು ನುಂಗಿಬಿಡುತ್ತದೆ. ಎರಡೂ ಸರಿಸಮವಾಗಿರುವ ಜಾಗದಲ್ಲಿ ಮಾತ್ರ ಜಗಳ. ಹಾಸನ ಊರೊಳಗೆ ಬರುವಷ್ಟರಲ್ಲಿ ಗಂಗೂಬಾಯಿ ಪೂರ್ತಿ ಹೋಗಿ, ಕೃಷಿ ಮಾತುಕತೆ ಸ್ಪಷ್ಟವಾಗಿ ಬರುತ್ತಿತ್ತು.

ಆಮೇಲೆ ಕಲಿತ ಎರಡು ಉಪಾಯ ಹೇಳುತ್ತೇನೆ. ಟ್ರಾನ್ಸ್‌ಮಿಟರ್ ಇಟ್ಟುಕೊಂಡಿರುವವರಿಗೆ ಇವು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಒಂದು, 88ರ ಆಸುಪಾಸಿಗೆ ಹೋಗಿ. ನಾನು ಓಡಾಡುವ ದಾರಿಯಲ್ಲಿ ದೊಡ್ಡ ಸ್ಟೇಷನ್ನುಗಳೆಲ್ಲ 91ರಿಂದ ಮೇಲಿವೆ, ಕೆಳಗಿನ ತುದಿ ಹೆಚ್ಚು ಕಡಿಮೆ ಬಯಲು. ಎರಡು, ಕಾರಿನ ಏರಿಯಲ್ ಎಳೆದು ಉದ್ದ ಮಾಡುವಂಥದ್ದಾದರೆ ಅದನ್ನು ಪೂರ್ತಿ ಒಳಗೆ ತಳ್ಳಿಬಿಡಿ. ರೇಡಿಯೊ ಕೇಳುವಾಗ ಏರಿಯಲ್ ಉದ್ದವಿದ್ದಷ್ಟೂ ಒಳ್ಳೆಯದು, ಇಲ್ಲಿ ತದ್ವಿರುದ್ಧ. ಹೊರಗಿನ ಸ್ಟೇಷನ್ನುಗಳು ಸೊರಗುತ್ತವೆ, ನಿಮ್ಮ ಟ್ರಾನ್ಸ್‌ಮಿಟರ್ ಮಾತ್ರ ಕಾರಿನೊಳಗೇ, ಸ್ಟೀರಿಯೊದಿಂದ ಎರಡು ಅಡಿ ದೂರದಲ್ಲಿದೆ. ಇದೊಂದು ಕೆಲಸದಿಂದಲೇ ಚರಚರ ಅರ್ಧ ಕಡಿಮೆಯಾಯಿತು.

ಈ ಸಾಮಾನು ಅತಿ ಚೆನ್ನಾಗಿ ಹಾಡಿದ್ದು ಎಲ್ಲಿ ಗೊತ್ತೇ? ಶಿರಾಡಿ ಘಾಟಿಯಲ್ಲಿ. ಎಫ್‌ಎಂ ಅಲೆಗಳು ಹೆಚ್ಚು ಕಡಿಮೆ ನೇರ ಹೋಗುವಂಥವು, ಬೆಟ್ಟ ಅಡ್ಡ ಬಂದರೆ ಮುಗಿಯಿತು. ಘಾಟಿಯ ತಿರುವುಗಳಲ್ಲಿ ಹೊರಗಿನ ಸ್ಟೇಷನ್ ಯಾವುದೂ ತಲೆ ಹಾಕುವುದಿಲ್ಲ. ಮಳೆ ಬಂದು ನಿಂತಿತ್ತು, ಮಂಜರಾಬಾದ್ ಕೋಟೆಯ ಗುಡ್ಡ ದಾಟಿ ಇಳಿಯುತ್ತಿದ್ದೆವು, ಆಗ ತಂಬೂರಿ ಮೊದಲ ಸಲ ತಂಬೂರಿಯ ಹಾಗೆ ಕೇಳಿಸಿತು. ಅದೇ ಸಾಮಾನು ಬೆಂಗಳೂರಿನ ಪೀಣ್ಯದಲ್ಲಿ ಅಳುತ್ತದೆ. ಆದ್ದರಿಂದ ಯಾರಾದರೂ "ಎಫ್‌ಎಂ ಟ್ರಾನ್ಸ್‌ಮಿಟರ್ ಚೆನ್ನಾಗಿದೆಯಾ?" ಎಂದರೆ ನಾನು ಕೇಳುವುದು ನೀವು ಯಾವ ದಾರಿಯಲ್ಲಿ ಓಡಾಡುತ್ತೀರಿ ಎಂದು. ಮಲೆನಾಡಿನ ತೋಟದ ರಸ್ತೆಯವರು ಕಣ್ಣು ಮುಚ್ಚಿ ಕೊಳ್ಳಬಹುದು. ದಿನಾ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇರುವವರು ಬೇಡ.

ಇನ್ನೊಂದು ಘಟನೆ. ಟೋಲ್ ಕ್ಯೂನಲ್ಲಿ ನಿಂತಿದ್ದೆವು. ಫೋನಿನಲ್ಲಿ ತಾಳಮದ್ದಲೆ, ಕರ್ಣನ ಅರ್ಥ ನಡೆಯುತ್ತಿತ್ತು. ಒಮ್ಮೆಲೇ ಅದರ ನಡುವೆ ಸಿನಿಮಾ ಹಾಡು ನುಗ್ಗಿತು. ಮುಂದಿನ ಕಾರು ಬಿಟ್ಟು ಹೋದದ್ದೇ ಹಾಡೂ ಹೋಯಿತು. ಆ ಕಾರಿನವರೂ ನಮ್ಮಂತೆಯೇ ಟ್ರಾನ್ಸ್‌ಮಿಟರ್ ಹಾಕಿಕೊಂಡು, ಅದೇ ಸಂಖ್ಯೆಯಲ್ಲಿ ಇಟ್ಟುಕೊಂಡಿದ್ದರು. ನಮ್ಮ ಕರ್ಣ ಅವರಿಗೂ ಕೇಳಿಸಿರಬೇಕು.

ನನಗೆ ಸಹಿಸಲಾಗದೆ ಹೋದ ದೋಷಗಳು ಬೇರೆ. ಸಾಕೆಟ್ಟಿನಲ್ಲಿ ಅದು ಗಟ್ಟಿಯಾಗಿ ಕೂರುತ್ತಿರಲಿಲ್ಲ. ರಸ್ತೆಯಲ್ಲಿ ಗುಂಡಿ ಬಂದರೆ ಒಂದು ಕ್ಷಣ ಕರೆಂಟು ತಪ್ಪಿ ಮತ್ತೆ ಹೊತ್ತಿಕೊಳ್ಳುವುದು, ಹೊತ್ತಿಕೊಂಡಾಗಲೆಲ್ಲ ಒಬ್ಬ ಹೆಂಗಸು ಗಟ್ಟಿ ದನಿಯಲ್ಲಿ ಬ್ಲೂಟೂತ್ ಕನೆಕ್ಟ್ ಆಯಿತೆಂದು ಇಂಗ್ಲಿಷಿನಲ್ಲಿ ಸಾರುವುದು. ಹಾಡಿನ ವಾಲ್ಯೂಮಿಗೂ ಆ ದನಿಗೂ ಸಂಬಂಧವೇ ಇಲ್ಲ. ನಿದ್ದೆ ಹತ್ತಿದ್ದ ಅಮ್ಮ ಎರಡು ಸಲ ಬೆಚ್ಚಿಬಿದ್ದಳು. ಮತ್ತೆ, ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದರೆ ಚೆಂಡೆಯ ಪೆಟ್ಟು ಒಡೆದು ತಗಡು ಬಡಿದಂತಾಗುತ್ತಿತ್ತು. ಇಳಿಸಿದರೆ ಹಿಂದಿನ ಸುಯ್ಯೆನ್ನುವ ಸದ್ದು ಮೇಲೇಳುತ್ತಿತ್ತು. ಮುಕ್ಕಾಲು ಭಾಗಕ್ಕೆ ಇಟ್ಟು ಉಳಿದದ್ದನ್ನು ಸ್ಟೀರಿಯೊದಲ್ಲಿ ಏರಿಸಿಕೊಳ್ಳುವುದು ಸರಿಯಾದ ದಾರಿ. ಮಾತಿಗೆ ಸಾಕು. ಸಂಗೀತಕ್ಕೆ ಸಾಲದು.

ಎರಡನೆಯದು ಕ್ಯಾಸೆಟ್ ಅಡಾಪ್ಟರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಹಳೇ ಸ್ಟಾಕಿನಿಂದ ಹುಡುಕಿ ತೆಗೆದುಕೊಟ್ಟರು, 400 ರೂಪಾಯಿ. ನೋಡಲು ಕ್ಯಾಸೆಟ್ಟೇ, ಒಳಗೆ ಟೇಪಿಲ್ಲ. ಟೇಪು ಹಾದುಹೋಗಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ ಇದೆ. ಸ್ಟೀರಿಯೊದಲ್ಲಿ ಟೇಪು ಓದುವ ಹೆಡ್‌ಗೆ ಅದು ಮುಖ ಕೊಟ್ಟು ಕೂರುತ್ತದೆ. ಫೋನಿನಿಂದ ತಂತಿಯಲ್ಲಿ ಬಂದ ಹಾಡು ಆ ಹೆಡ್‌ನಲ್ಲಿ ಕಾಂತಶಕ್ತಿಯಾಗಿ ಏರಿಳಿಯುತ್ತದೆ, ಸ್ಟೀರಿಯೊ ಅದನ್ನು ಟೇಪು ಎಂದೇ ತಿಳಿದು ಓದುತ್ತದೆ. ನಡುವೆ ರೇಡಿಯೊ ಅಲೆಯ ಪ್ರಶ್ನೆಯೇ ಇಲ್ಲ, ಆಕಾಶವಾಣಿ ನುಗ್ಗುವುದಿಲ್ಲ. ಈ ಯುಕ್ತಿ ನನಗೆ ಬಹಳ ಹಿಡಿಸಿತು.

ಮೊದಲ ತೊಡಕು ಫೋನಿನದು. ಅಡಾಪ್ಟರಿನ ತಂತಿಯ ತುದಿಯಲ್ಲಿರುವುದು 3.5 ಮಿಲಿಮೀಟರಿನ ಹೆಡ್‌ಫೋನ್ ಪಿನ್ನು. ನನ್ನ ಫೋನಿನಲ್ಲಿ ಆ ತೂತಿಲ್ಲ, ಟೈಪ್-ಸಿ ಮಾತ್ರ. ಪೇಟೆಯಲ್ಲಿ ಸಿಗುವ ಟೈಪ್-ಸಿ ಕನೆಕ್ಟರುಗಳಲ್ಲಿ ಎರಡು ಜಾತಿ ಇವೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಂದರಲ್ಲಿ ಬರೀ ತಂತಿ, ಇನ್ನೊಂದರಲ್ಲಿ ಡಿಜಿಟಲ್ ಸಿಗ್ನಲನ್ನು ಸದ್ದಾಗಿ ಮಾಡುವ ಡ್ಯಾಕ್ ಎಂಬ ಚಿಪ್ ಇರುತ್ತದೆ. ಬರೀ ತಂತಿಯದ್ದು ಕೆಲವು ಫೋನುಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಾನು ಮೊದಲು ತಂದದ್ದು ಬರೀ ತಂತಿಯದ್ದು, ಚುಚ್ಚಿದರೆ ಫೋನು ಕಣ್ಣೂ ಮಿಟುಕಿಸಲಿಲ್ಲ. ವಾಪಸ್ ತೆಗೆದುಕೊಳ್ಳಲಿಲ್ಲ, 120 ರೂಪಾಯಿ ಹೋಯಿತು. ಕೊಳ್ಳುವಾಗ "ಡ್ಯಾಕ್ ಇರೋದು ಕೊಡಿ" ಎಂದು ಬಾಯಿಬಿಟ್ಟು ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ನಿಮ್ಮ ಫೋನಿಗೆ ಚುಚ್ಚಿ ನೋಡಿ.

ಎರಡನೆಯ ತೊಡಕಿಗೆ ಉಪಾಯವೇ ಸಿಗಲಿಲ್ಲ. ನಮ್ಮ ಸ್ಟೀರಿಯೊ ಆಟೊ ರಿವರ್ಸ್. ಒಂದು ಬದಿ ಮುಗಿದಾಗ ತಾನೇ ಇನ್ನೊಂದು ಬದಿಗೆ ತಿರುಗಿಸಿಕೊಳ್ಳುತ್ತದೆ. ಬದಿ ಮುಗಿಯಿತೆಂದು ಅದಕ್ಕೆ ಗೊತ್ತಾಗುವುದು ಟೇಪ್ ಸುತ್ತುವ ಚಕ್ರ ನಿಂತಾಗ. ನಾನು ತಂದ ಅಡಾಪ್ಟರಿನ ಒಳಗಿನ ಹಲ್ಲುಚಕ್ರಗಳು ಸರಿಯಾಗಿ ತಿರುಗುತ್ತಿರಲಿಲ್ಲ. ಐದು ಸೆಕೆಂಡ್ ಹಾಡು, ಆಮೇಲೆ ಟಕ್. ತಿರುಗಿ ಐದು ಸೆಕೆಂಡ್, ಟಕ್. ಆ ಐದು ಸೆಕೆಂಡಿನಲ್ಲಿ ಕೇಳಿದ ಸದ್ದು ಮಾತ್ರ ಟ್ರಾನ್ಸ್‌ಮಿಟರಿಗಿಂತ ಎಷ್ಟೋ ಪಾಲು ಮೇಲು. ಆಟೊ ರಿವರ್ಸ್ ಇಲ್ಲದ ಸ್ಟೀರಿಯೊ ಇರುವವರಿಗೆ ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ ಎಂದು ಈಗಲೂ ನಂಬುತ್ತೇನೆ.

ಈ ಟಕ್ ಟಕ್ ನಿಲ್ಲಿಸಿಕೊಡುತ್ತಾರೇನೋ ಎಂದು ಹಾಸನದ ಒಂದು ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಸಂಬಂಧಿಕರೊಬ್ಬರು ಹೇಳಿದ್ದ ಅಂಗಡಿ. ಹತ್ತಡಿ ಅಗಲದ ಕೋಣೆ, ಗೋಡೆ ತುಂಬ ಬಾಯಿಬಿಟ್ಟ ರೇಡಿಯೊ, ಆಂಪ್ಲಿಫೈಯರು, ಭಜನಾ ಮಂಡಳಿಯವರ ಮೈಕ್ ಸೆಟ್ಟು. ಒಳಗಿದ್ದವರಿಗೆ ಅರವತ್ತು ದಾಟಿರಬಹುದು. ನನ್ನ ಕಥೆ ಪೂರ್ತಿ ಕೇಳಿ, ಅಡಾಪ್ಟರನ್ನು ಕೈಯಲ್ಲಿ ತಿರುಗಿಸಿ ನೋಡಿ, ಪಕ್ಕಕ್ಕಿಟ್ಟರು. "ಇದು ಬೇಡಮ್ಮ. ಸೆಟ್ಟಲ್ಲೇ ಒಂದು ದಾರಿ ಮಾಡ್ಕೊಡ್ತೀನಿ" ಎಂದರು.

ಅವರು ಮಾಡಿದ್ದನ್ನು ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ನೋಡಿದ್ದೇನೆ. ಮೊದಲು ಕಾರಿನ ಹತ್ತಿರ ಬಂದು, ಎರಡು ತೆಳು ಉಕ್ಕಿನ ಪಟ್ಟಿಗಳನ್ನು ಸ್ಟೀರಿಯೊದ ಎರಡೂ ಪಕ್ಕಕ್ಕೆ ತೂರಿಸಿ ಎಳೆದರು. ಡ್ರಾಯರಿನ ಹಾಗೆ ಹೊರಗೆ ಬಂತು. ಹಿಂದಿನ ಪ್ಲಗ್ಗುಗಳನ್ನು ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರು. ಅಂಗಡಿಯಲ್ಲಿ ಮುಚ್ಚಳ ತೆಗೆದಾಗ ಒಳಗೆ ಧೂಳು ಬೂದುಬಣ್ಣದ ಹತ್ತಿಯ ಹಾಗೆ ಕೂತಿತ್ತು. ಬ್ರಷ್ಷಿನಲ್ಲಿ ಗುಡಿಸಿ, ಬೋರ್ಡಿನ ಮೇಲೆ ಬೆರಳಿಟ್ಟು ಸಿಗ್ನಲ್ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತೋರಿಸಿದರು. ಕ್ಯಾಸೆಟ್ ಹೆಡ್‌ನಿಂದ ಬರುವ ಸಿಗ್ನಲ್ ಮಿಲಿವೋಲ್ಟಿಗೂ ಕಡಿಮೆ, ಅದನ್ನು ಮೊದಲು ದೊಡ್ಡದು ಮಾಡುವ ಪ್ರೀಆಂಪ್ ಬೇರೆ ಇದೆ. ಫೋನಿನ ಸಿಗ್ನಲ್ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಅಲ್ಲಿ ಕೊಟ್ಟರೆ ಬರೀ ಒಡಕು ಸದ್ದೇ ಬರುತ್ತದೆ. ಎಫ್‌ಎಂ ಟ್ಯೂನರಿನಿಂದ ಹೊರಬರುವ ಸಿಗ್ನಲ್ ಮಾತ್ರ ಫೋನಿನ ಅಳತೆಗೆ ಹತ್ತಿರ. ಹಾಗಾಗಿ ಫೋನಿನ ತಂತಿಯನ್ನು ವಾಲ್ಯೂಮಿಗಿಂತ ಮೊದಲು, ಎಫ್‌ಎಂ ಬರುವ ದಾರಿಯಲ್ಲೇ ಸೇರಿಸಬೇಕು.

ಸೇರಿಸಿದ ರೀತಿ ನೋಡಿ ನನಗೆ ಕೈಮುಗಿಯಬೇಕೆನಿಸಿತು. ಸಾದಾ ಸಾಕೆಟ್ ಹಾಕಲಿಲ್ಲ, ಒಳಗೆ ಸ್ವಿಚ್ಚಿನ ನಾಲಿಗೆ ಇರುವ ಸಾಕೆಟ್ ಹಾಕಿದರು. ಪಿನ್ ಇಲ್ಲದಾಗ ಆ ನಾಲಿಗೆ ಎಫ್‌ಎಂ ಸಿಗ್ನಲನ್ನು ಹಾಗೇ ಮುಂದೆ ಬಿಡುತ್ತದೆ. ಪಿನ್ ಚುಚ್ಚಿದರೆ ನಾಲಿಗೆ ಸರಿದು ಎಫ್‌ಎಂ ಕಡಿದುಹೋಗುತ್ತದೆ, ಆ ಜಾಗಕ್ಕೆ ಫೋನು ಬರುತ್ತದೆ. ಬೇರೆ ಬಟನ್ನಿಲ್ಲ, ಆಚೀಚೆ ಮಾಡುವ ರಗಳೆ ಇಲ್ಲ. ಪಿನ್ ಇದ್ದರೆ ಫೋನು, ಇಲ್ಲದಿದ್ದರೆ ರೇಡಿಯೊ. ಕ್ಯಾಸೆಟ್ ತಳ್ಳಿದರೆ ಎಂದಿನಂತೆ ಕ್ಯಾಸೆಟ್. ಎಡಕ್ಕೊಂದು ಬಲಕ್ಕೊಂದು ಕೆಪಾಸಿಟರ್ ಹಾಕಿ ಬೋರ್ಡಿನ ಡಿಸಿ ವೋಲ್ಟೇಜು ಫೋನಿಗೆ ತಾಗದಂತೆ ಮಾಡಿದರು. ಹಾಕಿ ನೋಡಿದಾಗ ಫೋನು ರೇಡಿಯೊಕ್ಕಿಂತ ತೀರಾ ಜೋರಾಗಿತ್ತು, ಅದಕ್ಕೆ ಎರಡು ರೆಸಿಸ್ಟರ್ ಸೇರಿಸಿ ಹದಕ್ಕೆ ತಂದರು. ಸಾಕೆಟ್ ಕೂರಿಸಲು ಡ್ಯಾಶ್‌ಬೋರ್ಡ್ ಕೊರೆಯಲಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಖಾಲಿ ಬಿಟ್ಟಿರುವ ಸ್ವಿಚ್ಚಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ಅದಕ್ಕೇ ತೂತು ಹಾಕಿದರು.

ನಾನು ಕೇಳದೇ ಅವರು ಮಾಡಿದ ಕೆಲಸ ಇನ್ನೊಂದಿದೆ, ಈ ವಿಮರ್ಶೆ ಬರೆಯಲು ಮುಖ್ಯ ಕಾರಣವೂ ಅದೇ. ಬಿಚ್ಚಿದ್ದೇನೆ ಹೇಗೂ ಎಂದು ಕ್ಯಾಸೆಟ್ ಓಡಿಸುವ ರಬ್ಬರ್ ಬೆಲ್ಟ್ ತೆಗೆದು ತೋರಿಸಿದರು. ಬೆರಳಿಗೆ ಡಾಂಬರಿನ ಹಾಗೆ ಅಂಟಿಕೊಂಡಿತು. ಹೊಸ ಬೆಲ್ಟ್ ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು, ಅಷ್ಟು ವರ್ಷದ ಟೇಪಿನ ಪುಡಿ. ಆಮೇಲೆ "ನಿಮ್ಮ ಹತ್ರ ಇರೋದ್ರಲ್ಲಿ ಒಂದು ಕ್ಯಾಸೆಟ್ ಕೊಡಿ" ಎಂದರು. ಅಮ್ಮನ ಚೀಲದಿಂದ ಒಂದು ಕೊಟ್ಟೆ. ಅದನ್ನು ಓಡಿಸುತ್ತಾ ಹೆಡ್‌ನ ಪಕ್ಕದ ಸಾಸಿವೆಯಷ್ಟು ಸ್ಕ್ರೂವನ್ನು ವಾಚ್ ರಿಪೇರಿಯವರ ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿದರು. ಹೆಡ್ ಟೇಪಿಗೆ ಎಷ್ಟು ನೇರವಾಗಿ ನಿಂತಿದೆ ಎನ್ನುವುದರ ಮೇಲೆ ಮೇಲಿನ ಸ್ವರಗಳು ನಿಂತಿವೆ. ಸ್ವಲ್ಪ ಓರೆಯಾದರೂ ಕಂಬಳಿ ಹೊದಿಸಿದ ಹಾಗೆ ಕೇಳಿಸುತ್ತದೆ. ಅವರು ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಿದ್ದರು. ಒಂದು ಕಡೆ ಬಂದಾಗ ಕಂಬಳಿ ಸರಿದ ಹಾಗಾಯಿತು. ಭಾಗವತರ ದನಿಯ ಹಿಂದೆ ಚಕ್ರತಾಳ ಕಿಣಿಕಿಣಿ ಎಂದಿತು. ಆ ಕ್ಯಾಸೆಟ್ಟನ್ನು ಎಷ್ಟೋ ಸಲ ಕೇಳಿದ್ದೇನೆ. ಅದರಲ್ಲಿ ಚಕ್ರತಾಳ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅಮ್ಮ ಕಾರಿನಿಂದ ಇಳಿದು ಅಂಗಡಿಯೊಳಗೆ ಬಂದು ನಿಂತಳು. "ಇದು ಅಣ್ಣ ಕೂತಲ್ಲಿಂದಲೇ ಕೇಳಿದ ಹಾಗಾಯ್ತು" ಎಂದಳು.

ಎಲ್ಲ ಸೇರಿ 450 ರೂಪಾಯಿ ತೆಗೆದುಕೊಂಡರು, ಬೆಲ್ಟಿನ ದುಡ್ಡೂ ಅದರಲ್ಲೇ. ನಾನು ನೂರು ಹೆಚ್ಚು ಕೊಟ್ಟರೆ ಡ್ರಾಯರಿಗೆ ಹಾಕದೆ ವಾಪಸ್ ಕೊಟ್ಟರು.

ಕೊರತೆಯನ್ನೂ ಹೇಳಬೇಕು. ಎರಡು ದಿನದ ಕೆಲಸ ಎಂದವರು ಐದು ದಿನ ತೆಗೆದುಕೊಂಡರು. ಬಿಚ್ಚಿ ತೋರಿಸಿದ್ದು ಮೊದಲ ದಿನ, ಸಾಕೆಟ್ ಹಾಕಿ ಹೆಡ್ ಸರಿಮಾಡಿದ್ದು ಐದನೆಯ ದಿನ. ಪುತ್ತೂರಿಗೆ ಹೋಗುವಾಗ ಕೊಟ್ಟು ಬರುವಾಗ ತೆಗೆದುಕೊಳ್ಳೋಣ ಎಂದಿದ್ದ ನಮ್ಮ ಲೆಕ್ಕ ತಪ್ಪಿತು, ಹಾಸನದ ಸಂಬಂಧಿಕರ ಮನೆಯಲ್ಲಿ ಉಳಿಯಬೇಕಾಯಿತು. ಬಿಲ್ ಕೊಡುವ ಪದ್ಧತಿ ಅಲ್ಲಿಲ್ಲ. ಫೋನ್ ಮಾಡಿದರೆ ಹತ್ತಕ್ಕೆ ಎರಡು ಸಲ ಎತ್ತುತ್ತಾರೆ. ವಾಪಸ್ ಕೂರಿಸುವಾಗ ಡಿಸ್‌ಪ್ಲೇ ದೀಪದ ತಂತಿ ಸೇರಿಸುವುದು ಬಿಟ್ಟುಹೋಗಿದೆ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಬಟನ್ನುಗಳು ಕತ್ತಲಲ್ಲಿ ಕಾಣುವುದಿಲ್ಲ.

ಸಾಕೆಟ್ ಆಯಿತು. ಅದಕ್ಕೆ ಫೋನು ಸೇರಿಸುವ ಕೊನೆಯ ಹೆಜ್ಜೆಯಲ್ಲೂ ಒಂದು ಪಾಠವಿದೆ. ಮೊದಲು ಡ್ಯಾಕ್ ಇರುವ ಟೈಪ್-ಸಿ ಕನೆಕ್ಟರಿನಿಂದ ನೇರ ತಂತಿ ಎಳೆದೆ. ಸದ್ದು ಅದ್ಭುತ. ಮ್ಯಾಪ್ ಹಾಕಿದ್ದರಿಂದ ಫೋನಿನ ಬ್ಯಾಟರಿ ಇಳಿಯಿತು. ಚಾರ್ಜೂ ಆಗುತ್ತಾ ಹಾಡುವ ಇಬ್ಬಾಯಿಯ ಕನೆಕ್ಟರ್ ಹಾಕಿ, ಸಿಗರೇಟ್ ಸಾಕೆಟ್ಟಿನಿಂದ ಚಾರ್ಜ್ ಕೊಟ್ಟೆ. ಕೊಟ್ಟದ್ದೇ ತಡ, ತಂಬೂರಿಯ ಹಿಂದೆ ಸೊಳ್ಳೆ ಹಾಡಿದ ಹಾಗೆ ಕುಂಯ್ ಎಂದು ಶುರುವಾಯಿತು. ಆಕ್ಸಿಲರೇಟರ್ ತುಳಿದರೆ ಅದರ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗಂಗೂಬಾಯಿಯವರ ಷಡ್ಜ ಒಂದು ಕಡೆ, ನಮ್ಮ ಆಲ್ಟರ್ನೇಟರಿನ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಯಂತ್ರ) ಷಡ್ಜ ಇನ್ನೊಂದು ಕಡೆ. ಗೇರ್ ಬದಲಿಸಿದಾಗಲೆಲ್ಲ ಅಪಶ್ರುತಿ. ಕಾರಣ ಇಷ್ಟೇ: ಫೋನಿಗೆ ಚಾರ್ಜರಿನಿಂದ ಒಂದು ಅರ್ತ್, ಸ್ಟೀರಿಯೊದಿಂದ ಇನ್ನೊಂದು ಅರ್ತ್. ಎರಡೂ ಸೇರಿ ಒಂದು ಸುತ್ತು ಆಗಿಬಿಡುತ್ತದೆ, ಆಲ್ಟರ್ನೇಟರಿನ ಗದ್ದಲ ಆ ಸುತ್ತಿನಲ್ಲಿ ಹರಿದು ಹಾಡಿಗೆ ಸೇರುತ್ತದೆ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ, ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್. 300 ರೂಪಾಯಿ ಕೊಟ್ಟು ಅದನ್ನೂ ತಂದೆ. ಸೊಳ್ಳೆ ಸತ್ತಿತು. ಆದರೆ ಮದ್ದಲೆಯ ಎಡದ ಕೆಳಗಿನ ನಾದವೂ ಸ್ವಲ್ಪ ತೆಳ್ಳಗಾಯಿತು. ಅಗ್ಗದ ಟ್ರಾನ್ಸ್‌ಫಾರ್ಮರುಗಳಲ್ಲಿ ಕೆಳಸ್ವರ ಪೂರ್ತಿ ದಾಟುವುದಿಲ್ಲ.

ಕೊನೆಗೆ ನೆಲೆ ನಿಂತದ್ದು ಬ್ಯಾಟರಿ ಇರುವ ಪುಟ್ಟ ಬ್ಲೂಟೂತ್ ರಿಸೀವರಿನಲ್ಲಿ. 900 ರೂಪಾಯಿ. ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಒಂದು ತುದಿಯಲ್ಲಿ 3.5ರ ಪಿನ್ನು. ಅದನ್ನು ಸಾಕೆಟ್ಟಿಗೆ ಚುಚ್ಚಿ ಬಿಟ್ಟರಾಯಿತು. ಫೋನು ಎಲ್ಲಾದರೂ ಇರಲಿ, ಚಾರ್ಜ್ ಆಗುತ್ತಿರಲಿ, ರಿಸೀವರಿಗೂ ಚಾರ್ಜರಿಗೂ ತಂತಿಯ ನಂಟಿಲ್ಲ. ಅರ್ತ್‌ನ ಸುತ್ತು ಕೂಡಿಕೊಳ್ಳುವುದೇ ಇಲ್ಲ, ಸೊಳ್ಳೆಯೂ ಇಲ್ಲ. ಓಡುತ್ತಿರುವಾಗ ರಿಸೀವರನ್ನೇ ಕಾರಿನ ಚಾರ್ಜರಿಗೆ ಹಾಕಿದರೆ ಮಾತ್ರ ಅದೇ ಕುಂಯ್ ವಾಪಸ್ ಬರುತ್ತದೆ, ಅದಕ್ಕೆ ಹಿಂದಿನ ರಾತ್ರಿಯೇ ಮನೆಯಲ್ಲಿ ಚಾರ್ಜ್ ಮಾಡಿಟ್ಟುಕೊಳ್ಳುತ್ತೇನೆ. ಡಬ್ಬಿಯ ಮೇಲೆ ಎಂಟು ಗಂಟೆ ಎಂದಿದೆ. ನನಗೆ ಆರು ಗಂಟೆ ಬರುತ್ತದೆ, ಉಪ್ಪಿನಂಗಡಿಗೆ ಸ್ವಲ್ಪ ಮುಂಚೆ ಕೆಂಪು ದೀಪ ಮಿಟುಕುತ್ತದೆ. ನೇರ ತಂತಿಯಷ್ಟು ಸ್ವಚ್ಛವೇ ಎಂದರೆ ಅಲ್ಲ. ನಿಂತ ಕಾರಿನಲ್ಲಿ ಎಂಜಿನ್ ಆರಿಸಿ ಕೇಳಿದರೆ ತಂಬೂರಿಯ ಜವಾರಿಯಲ್ಲಿ, ಅಂದರೆ ತಂತಿಯ ಝೇಂಕಾರದಲ್ಲಿ, ಒಂದು ಎಳೆ ಕಡಿಮೆ ಎನಿಸುತ್ತದೆ. 60ರ ವೇಗದಲ್ಲಿ ಆಲ್ಟೊದ ಟೈರ್ ಸದ್ದಿನಲ್ಲಿ ಆ ವ್ಯತ್ಯಾಸ ನನ್ನ ಕಿವಿಗೆ ಸಿಕ್ಕಿಲ್ಲ.

ಯುಎಸ್‌ಬಿ ಇರುವ ಸ್ವಲ್ಪ ಹೊಸ ಸ್ಟೀರಿಯೊದವರು ಕೇಳುವ ಪ್ರಶ್ನೆ ಒಂದಿದೆ: ಪೆನ್‌ಡ್ರೈವ್ ಓಡುತ್ತದೆ, ಅದೇ ತೂತಿಗೆ ಫೋನ್ ಹಾಕಿದರೆ ಯಾಕೆ ಬರೀ ಚಾರ್ಜ್ ಆಗುತ್ತದೆ? ಆ ಸ್ಟೀರಿಯೊಗಳಿಗೆ ಗೊತ್ತಿರುವುದು ಪೆನ್‌ಡ್ರೈವಿನ ಭಾಷೆ ಒಂದೇ. ಈಗಿನ ಆಂಡ್ರಾಯ್ಡ್ ಫೋನು ತನ್ನನ್ನು ಪೆನ್‌ಡ್ರೈವ್ ಎಂದು ಹೇಳಿಕೊಳ್ಳುವುದಿಲ್ಲ, ಎಂಟಿಪಿ ಎಂಬ ಬೇರೆ ಭಾಷೆಯಲ್ಲಿ ಮಾತಾಡುತ್ತದೆ. ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಅದೇ ಸ್ಟೀರಿಯೊದಲ್ಲಿ ಆಕ್ಸ್ ತೂತಿದ್ದರೆ ನೀವು ಪುಣ್ಯವಂತರು, ಮೇಲೆ ಹೇಳಿದ ರಿಸೀವರ್ ಒಂದೇ ಸಾಕು.

ನಮ್ಮಂತೆ ಉಳಿಸಿಕೊಳ್ಳಬೇಕಾದ ಕ್ಯಾಸೆಟ್ ಇಲ್ಲದವರು ಇಷ್ಟೆಲ್ಲ ಮಾಡಬೇಕಿಲ್ಲ. ಬ್ಲೂಟೂತ್ ಇರುವ ಹೊಸ ಸಿಂಗಲ್ ಡಿನ್ ಸ್ಟೀರಿಯೊ ಹಾಕಿಸಿಕೊಳ್ಳಿ. ಹಳೆಯ ಸ್ಟೀರಿಯೊ ತೆಗೆದ ತೂತಿಗೆ, ಅಂದರೆ ಸುಮಾರು 180 ಮಿಲಿಮೀಟರ್ ಅಗಲ 50 ಮಿಲಿಮೀಟರ್ ಎತ್ತರದ ಜಾಗಕ್ಕೆ, ಅದು ಸರಿಯಾಗಿ ಕೂರುತ್ತದೆ. ದೊಡ್ಡ ಟಚ್‌ಸ್ಕ್ರೀನ್ ಹಾಕಿಸುವ ಆಸೆಗೆ ಡ್ಯಾಶ್‌ಬೋರ್ಡ್ ಕೊರೆಸಬೇಡಿ. ಕಾರಿನ ಪ್ಲಗ್ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ, ಎರಡೂ ಕಡೆ ಚುಚ್ಚಿ ಸೇರಿಸುವ ಕಪ್ಲರ್ ಹಾಕಿ ಎನ್ನಿ. ಕೀ ತೆಗೆದು ಮತ್ತೆ ಹಾಕಿದಾಗ ಸ್ಟೇಷನ್ನುಗಳೆಲ್ಲ ಮರೆತುಹೋಗುತ್ತಿದ್ದರೆ ಹಳದಿ ತಂತಿಯೂ ಕೆಂಪು ತಂತಿಯೂ ಅದಲುಬದಲಾಗಿವೆ ಎಂದು ತಿಳಿಯಿರಿ. ಹಳದಿಯಲ್ಲಿ ಸದಾ ಕರೆಂಟಿರಬೇಕು, ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ. ಅಂಗಡಿ ಬಿಡುವ ಮುಂಚೆ ಕೀ ತೆಗೆದು ಹಾಕಿ ನೋಡಿಕೊಳ್ಳಿ.

ಹಾಸನದ ಆ ಅಂಗಡಿಗೆ ಹೋಗುವವರು ಬೆಳಿಗ್ಗೆ ಹತ್ತೂವರೆ ಮೇಲೆ ಹೋಗಿ, ಭಾನುವಾರ ರಜೆ. ಸ್ಟೀರಿಯೊ ಜೊತೆಗೆ ನಿಮ್ಮದೇ ಒಂದು ಒಳ್ಳೆಯ ಕ್ಯಾಸೆಟ್ ಒಯ್ಯಿರಿ, ಹೆಡ್ ಸರಿಮಾಡಲು ಅವರಿಗೆ ಬೇಕಾಗುತ್ತದೆ. ಯಾವಾಗ ಕೊಡುತ್ತೀರಿ ಎಂದು ಕೇಳಿದರೆ ಅವರು ಹೇಳುವ ದಿನಕ್ಕೆ ಮೂರು ದಿನ ಸೇರಿಸಿಕೊಳ್ಳಿ. ನಾವು ಬರುವ ತಿಂಗಳು ಎರಡನೇ ಶನಿವಾರ ಹೋಗುತ್ತಿದ್ದೇವೆ, ಡಿಸ್‌ಪ್ಲೇ ದೀಪದ ತಂತಿ ಸೇರಿಸಿಕೊಳ್ಳಬೇಕು. ಅಮ್ಮ ಸುರುಳಿ ಸಿಕ್ಕಾದ ಎರಡು ಕ್ಯಾಸೆಟ್ಟುಗಳನ್ನು ಈಗಲೇ ಒಂದು ಕವರಿನಲ್ಲಿ ಹಾಕಿ ಕಾರಿನಲ್ಲಿಟ್ಟಿದ್ದಾಳೆ.